ಪದ್ಮಿನಿಯ ಮುಳ್ಳು

ನಮ್ಮ ಮನೆಯಲ್ಲಿ ಒಬ್ಬ ಪದ್ಮಿನಿ ಇದ್ದಾಳೆ. ಗಾಬರಿಪಡಬೇಡಿ, ಕಾವ್ಯಗಳಲ್ಲಿ ಬರುವ ಪದ್ಮಿನಿಯಲ್ಲ, ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿದವಳು. ತಂದೆಯವರು 1986ರಲ್ಲಿ ಕೊಂಡ ಕಾರು. ಇವಳ ಅಕ್ಕತಂಗಿಯರಾದ ಕಪ್ಪು-ಹಳದಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಬೀದಿಗಳಿಂದ ಬೀಳ್ಕೊಂಡುವು. ನಮ್ಮವಳು ಮಾತ್ರ ಐದೈದು ವರ್ಷಕ್ಕೊಮ್ಮೆ ನೋಂದಣಿ ಹೊಸದು ಮಾಡಿಸಿಕೊಂಡು, ಭಾನುವಾರ ಮಾಟುಂಗದ ಪೇಟೆಗೆ ಹೋಗಿ ತರಕಾರಿ ತರುತ್ತಾಳೆ.

ಕಳೆದ ಮಳೆಗಾಲದ ಕೊನೆಗೆ ಅವಳ ಸ್ಪೀಡೋಮೀಟರಿನ ಮುಳ್ಳು ನಡುಗಲಾರಂಭಿಸಿತು. 30ಕ್ಕೂ 50ಕ್ಕೂ ನಡುವೆ ಒಂದೇ ಸಮನೆ ತೂಗಾಟ. ಡ್ಯಾಶ್‌ಬೋರ್ಡಿನ ಹಿಂದೆ ಟಿಕ್ ಟಿಕ್ ಸದ್ದು. ಒಂದು ದಿನ ಸಯನ್ ಹತ್ತಿರ ಸೊನ್ನೆಗೆ ಒರಗಿದ ಮುಳ್ಳು ಮತ್ತೆ ಏಳಲಿಲ್ಲ. ಗ್ಯಾರೇಜಿನವನು ಗಾಜನ್ನು ಎರಡು ಸಲ ತಟ್ಟಿ ತೀರ್ಪು ಕೊಟ್ಟ: "ಮೀಟರ್ ಹೋಯಿತು ಸಾಹೇಬರೇ. ಬೇರೆ ಹಳೆಯ ಗಾಡಿಯದೊಂದು ತಂದು ಹಾಕುತ್ತೇನೆ."

ನನ್ನೆದೆ ಧಸಕ್ಕೆಂದಿತು. ಕಿಲೋಮೀಟರಿನ ಅಂಕೆಗಳಿರುವುದೂ ಅದೇ ಮೀಟರಿನ ಹೊಟ್ಟೆಯಲ್ಲಿಯೇ. ಉಡುಪಿಗೆ ಹೊರಡುವಾಗಲೂ ಮರಳಿದಾಗಲೂ ತಂದೆಯವರು ಆ ಅಂಕೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅಕ್ಕನ ಮದುವೆಗೆ ಹೊರಟ ದಿನದ ಅಂಕೆ, ಅಜ್ಜಿ ತೀರಿಕೊಂಡರೆಂದು ರಾತ್ರೋರಾತ್ರಿ ಹೊರಟ ದಿನದ ಅಂಕೆ, ಎಲ್ಲವೂ ಅದರಲ್ಲಿವೆ. ತಂದೆಯವರು ಈಗಿಲ್ಲ. ಇನ್ನಾರದೋ ಗಾಡಿಯ ಲೆಕ್ಕವನ್ನು ಅವರ ಬರಹದ ಕೆಳಗೆ ಹೇಗೆ ಜೋಡಿಸಲಿ?

ಭಾವ ಅದೇ ಕುರ್ಲಾ ಕಾರ್ಖಾನೆಯಲ್ಲಿ ದುಡಿದವರು. ಫೋನಿನಲ್ಲಿ ನನ್ನ ಗೋಳು ಕೇಳಿ, "ಮುಳ್ಳು ಹಾಗಿರಲಿ ಮಾರಾಯ, ಅಂಕೆ ಓಡುತ್ತದೋ?" ಎಂದರು.

"ಇಲ್ಲ ಭಾವ, ಅದೂ ನಿಂತಿದೆ."

"ಮತ್ತೆ ಮೀಟರನ್ನು ಯಾಕೆ ಬೈಯುವುದು? ಅದಕ್ಕೆ ಸುದ್ದಿಯೇ ಮುಟ್ಟಲಿಲ್ಲ ಅಂತ ಕಾಣ್ತದೆ!"

ಅವರು ತಿಳಿಸಿದ ಒಳಗುಟ್ಟು ಇಷ್ಟು. ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲಿನೊಳಗೆ ಒಂದು ಉಕ್ಕಿನ ತಂತಿ ತಿರುಗುತ್ತ, ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತವು ಪಕ್ಕದ ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗು ತಡೆಯುತ್ತದೆ. ಈ ಜಗ್ಗಾಟ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಓಟೋ ಶುಲ್ಜೆ ಎಂಬವರು 1902ರಲ್ಲಿ ಹಕ್ಕುಪತ್ರ ಪಡೆದ ಉಪಾಯವಿದು. ಅಂಕೆಗಳಾದರೋ ಅದೇ ತಂತಿಯಿಂದ ಹಲ್ಲುಚಕ್ರಗಳ ಮೂಲಕ ತಿರುಗುತ್ತವೆ. ಆದ್ದರಿಂದ ಅಂಕೆ ಓಡಿ ಮುಳ್ಳು ಮಾತ್ರ ನಿಂತರೆ ದೋಷ ಮೀಟರಿನದು. ಎರಡೂ ಒಟ್ಟಿಗೆ ನಿಂತರೆ ಮೊದಲು ಶಂಕಿಸಬೇಕಾದುದು ಕೇಬಲ್ಲನ್ನು, ಬಳಿಕ ಗೇರ್‌ಬಾಕ್ಸಿನ ಹಲ್ಲುಚಕ್ರವನ್ನು. ಮುಳ್ಳು ನಡುಗಿದ್ದು ಸಾಮಾನ್ಯವಾಗಿ ಕೇಬಲ್ ಒಣಗಿದ ಇಲ್ಲವೆ ಸೊಟ್ಟಗಾದ ಲಕ್ಷಣ.

ಭಾನುವಾರ ಭಾವನೇ ಬಂದರು. ಮೀಟರಿನ ಹಿಂದಿನಿಂದ ಕೇಬಲ್ ಬಿಚ್ಚಿ, ಕಟ್ಟಡದ ಮಕ್ಕಳಿಂದ ಗಾಡಿಯನ್ನು ಮೆಲ್ಲಗೆ ತಳ್ಳಿಸಿದೆವು. ತಂತಿಯ ತುದಿ ತಿರುಗಲಿಲ್ಲ. ಹಿಡಿದೆಳೆದರೆ ಅರ್ಧವೇ ಕೈಗೆ ಬಂತು! ಆ ತುಂಡಿನ ತುದಿಯನ್ನೇ ಮೀಟರಿಗೆ ಸಿಕ್ಕಿಸಿ ಭಾವ ಬೆರಳಿನಿಂದ ಹೊಸಕಿ ತಿರುಗಿಸಿದಾಗ ಮುಳ್ಳು ಚೂರು ಮಿಸುಕಿತು.

"ಜೀವ ಉಂಟು!" ಎಂದರು ಭಾವ. ನನಗೂ ಉಸಿರು ಬಂತು.

ಕುರ್ಲಾದ ಬಿಡಿಭಾಗದ ಅಂಗಡಿಯಿಂದ ಹೊಸ ಕೇಬಲ್ ತಂದೆವು. ಮೊದಲು ಗೇರ್‌ಬಾಕ್ಸಿಗೆ ಸೇರಿಸಿ ಮತ್ತೆ ತಳ್ಳಿಸಿದಾಗ ತಂತಿ ತಿರುಗಿತು, ಹಲ್ಲುಚಕ್ರ ನಿರ್ದೋಷಿ. "ಮೇಲಿನ ಗೇಣುದ್ದಕ್ಕೆ ಗ್ರೀಸ್ ಬೇಡ, ಮೀಟರಿನೊಳಗೆ ಏರಿದರೆ ಕೆಟ್ಟಿತು" ಎಂದು ಭಾವ ಎಚ್ಚರಿಸಿದರು. ಈಸ್ಟರ್ನ್ ಫ್ರೀವೇಯಲ್ಲಿ ಪರೀಕ್ಷೆ ನಡೆಯಿತು. ಮುಳ್ಳು 60 ಎಂದರೆ, ಮಗಳ ಕೈಯ ಫೋನು 56 ಎಂದಿತು.

"ಸ್ವಲ್ಪ ಹೆಚ್ಚು ತೋರಿಸಿದರೆ ಅಡ್ಡಿಯಿಲ್ಲ. ಕಡಿಮೆ ತೋರಿಸುವ ಮೀಟರನ್ನು ನಂಬಬಾರದು."

ಆ ಸಂಜೆ ತಂದೆಯವರ ಪುಸ್ತಕ ತೆಗೆದು, ಅವರ ಕೊನೆಯ ಸಾಲಿನ ಕೆಳಗೆ ಮೊದಲ ಸಲ ನಾನು ಬರೆದೆ: "ಕೇಬಲ್ ತುಂಡಾಗಿತ್ತು. ಎಣಿಕೆಗೆ ಸಿಗದ ಓಟ ಸುಮಾರು 120 ಕಿಲೋಮೀಟರ್. ಕೂಡಿಸಿಕೊಳ್ಳತಕ್ಕದ್ದು."