ಊರಿಗೆ ಹೊರಡುವ ಮುನ್ನ ಸ್ಟೇಷನ್ ನೋಡಿ

ಕಲ್ಯಾಣ ನಗರದಿಂದ ರೈಲಿಗೆ ಹೊರಡುವವರೇ, ಟಿಕೆಟ್‌ನಲ್ಲಿ ಬೆಂಗಳೂರು ಅಂತ ಕಂಡ ಕೂಡಲೇ ಮೆಜೆಸ್ಟಿಕ್‌ಗೆ ಆಟೋ ಹಿಡಿಯಬೇಡಿ. ಎಸ್‌ಎಂವಿಬಿ ಅಂತಿದ್ದರೆ ಅದು ನಮಗೆ ಹತ್ತಿರದ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್. 2022ರ ಜೂನ್‌ನಲ್ಲಿ ಶುರುವಾದದ್ದು. ಎಸ್‌ಬಿಸಿ ಅಂದರೆ ಮೆಜೆಸ್ಟಿಕ್, ಬಿಎನ್‌ಸಿ ಕಂಟೋನ್ಮೆಂಟ್, ವೈಪಿಆರ್ ಯಶವಂತಪುರ. ಒಂದರಿಂದ ಇನ್ನೊಂದಕ್ಕೆ ಓಡುವಷ್ಟರಲ್ಲಿ ರೈಲು ಹೋಗಿರುತ್ತದೆ. ಇನ್ನೊಂದು, ಬೈಯಪ್ಪನಹಳ್ಳಿ ಮೆಟ್ರೋ ಮತ್ತು ಈ ಟರ್ಮಿನಲ್ ಅಕ್ಕಪಕ್ಕ ಇಲ್ಲ. ಲಗೇಜ್ ಹಿಡಿದ ಹಿರಿಯರನ್ನು ಮೆಟ್ರೋ ಇದೆಯಲ್ಲ ಅಂತ ಕಳಿಸಬೇಡಿ, ಮನೆ ಬಾಗಿಲಿಂದಲೇ ನೇರ ಆಟೋ ಮಾಡಿಕೊಡಿ.

ಅಪ್ಪ ಅಮ್ಮನ ಬಿಪಿ, ಶುಗರ್ ಮಾತ್ರೆ ಸೂಟ್‌ಕೇಸ್‌ನ ತಳ ಸೇರದಿರಲಿ. ಕೈಚೀಲದಲ್ಲಿರಲಿ, ಡಾಕ್ಟರ್ ಚೀಟಿಯ ಜೊತೆಗೆ. ಎರಡು ಓಆರ್‌ಎಸ್ ಪೊಟ್ಟಣವೂ ಇರಲಿ. ಅದನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಲೀಟರ್ ನೀರಿನದ್ದನ್ನು ಒಂದು ಲೋಟಕ್ಕೆ ಸುರಿದು ಮಕ್ಕಳಿಗೆ ಕುಡಿಸುವವರಿದ್ದಾರೆ. ಉಪ್ಪು ಅತಿಯಾಗಿ ಮಗುವಿಗೆ ಅಪಾಯ, ದಯವಿಟ್ಟು ಬೇಡ.

ರೈಲಿನಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಟಿಟಿಇಗೆ ಹೇಳಿ, ಇಲ್ಲವೇ 139ಕ್ಕೆ ಫೋನ್ ಮಾಡಿ. ಪಿಎನ್‌ಆರ್, ಬೋಗಿ, ಸೀಟ್ ನಂಬರ್ ಕೇಳುತ್ತಾರೆ. ಹಿರಿಯರ ಕೈಯಲ್ಲಿ ಇವನ್ನೆಲ್ಲ ದಪ್ಪಕ್ಷರದಲ್ಲಿ ಬರೆದ ಕಾಗದ ಕೊಟ್ಟಿರಿ.