ಮೊಂಬಾಸಕ್ಕೆ ಹೊರಡುವವರಿಗೆ

ಹಿಂದೂಪುರ, ಕಲ್ಯಾಣದುರ್ಗಗಳಿಂದ ಕೀನ್ಯಾದ ಕರಾವಳಿಯ ಮೊಂಬಾಸಕ್ಕೆ ಮಕ್ಕಳನ್ನು ಕಾಣಹೊರಟ ಹಿರಿಯರು, ಉಪ್ಪಿನಕಾಯಿ ಒಯ್ಯಬಹುದೇ ಎಂದು ನಮ್ಮನ್ನು ವಿಚಾರಿಸುವುದುಂಟು. ಅದಕ್ಕೂ ಮೊದಲು ನೆನೆಯಬೇಕಾದದ್ದು ಹಳದಿ ಜ್ವರದ ಲಸಿಕೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಬೆಂಗಳೂರಿನ ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಂಡು ಪ್ರಮಾಣಪತ್ರ ಪಡೆಯತಕ್ಕದ್ದು. ಅದಿಲ್ಲದೆ ಮರಳಿದವರನ್ನು ನಮ್ಮದೇ ನಾಡಿನಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅರವತ್ತು ದಾಟಿದವರು ಲಸಿಕೆಗೆ ಮುನ್ನ ವೈದ್ಯರ ಅಭಿಪ್ರಾಯ ಕೇಳಬೇಕು.

ಪ್ಲಾಸ್ಟಿಕ್ ಕೈಚೀಲಗಳು ಅಲ್ಲಿ 2017ರಿಂದ ನಿಷಿದ್ಧ. ಚಟ್ನಿಪುಡಿಗೆ ಡಬ್ಬಿ, ಬಟ್ಟೆಚೀಲಗಳೇ ಲೇಸು. ನಮ್ಮ ಒಣಬಿಸಿಲಿನಂತಲ್ಲ, ಕಡಲತೀರದ ಸೆಕೆ. ಮಲೇರಿಯಾ ಉಂಟು, ಸೊಳ್ಳೆಪರದೆ ಬಿಡಬಾರದು, ವೈದ್ಯರು ಕೊಟ್ಟ ಮಾತ್ರೆಯನ್ನು ಊರಿಗೆ ಬಂದ ಮೇಲೂ ಹೇಳಿದಷ್ಟು ದಿನ ನುಂಗಬೇಕು. ತಿಂಗಳು ಕಳೆದು ಜ್ವರ ಬಂದರೂ, ಆಫ್ರಿಕಾದಿಂದ ಬಂದಿದ್ದೇವೆಂದು ಊರಿನ ವೈದ್ಯರಿಗೆ ಮೊದಲೇ ತಿಳಿಸಿ, ಅಂದೇ ರಕ್ತಪರೀಕ್ಷೆ ಮಾಡಿಸತಕ್ಕದ್ದು.