ಬರಿದಾದ ತೋಟೆಯ ಜೀರ್ಣೋದ್ಧಾರ

ಪಿಸ್ತೂಲಿನ ತೋಟೆಗೆ ನಾಲ್ಕು ಅಂಗಗಳುಂಟು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕೂಡುವ ಕೇಪು, ಒಳಗಿನ ಮದ್ದು, ಬಾಯಿಯಲ್ಲಿ ನಿಲ್ಲುವ ಗುಂಡು. ಈಡು ಹಾರಿದೊಡನೆ ಮದ್ದು ಉರಿದುಹೋಗುತ್ತದೆ, ಗುಂಡು ಗುರಿಯ ಹಾದಿ ಹಿಡಿಯುತ್ತದೆ, ಕೇಪು ನಿಸ್ಸಾರವಾಗುತ್ತದೆ. ಪುನಃ ಉಪಯೋಗಕ್ಕೆ ಬರುವುದು ಕೋಶವೊಂದೇ. ಅದನ್ನು ಬಿಸುಡಲು ಮನಸ್ಸೊಪ್ಪದೆ ಮತ್ತೆ ತುಂಬಿಕೊಳ್ಳುವ ಪದ್ಧತಿಯು ಅಮೆರಿಕಾ ದೇಶದ ಗುರಿಕಾರರಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅಲ್ಲಿ ಜಾನ್ ಬಾರ್ಲೋ ಎಂಬಾತನು 1884ರಲ್ಲಿ ಸ್ಥಾಪಿಸಿದ ಐಡಿಯಲ್ ಕಾರ್ಖಾನೆಯು ಇದಕ್ಕೆ ಬೇಕಾದ ಕೈಸಲಕರಣೆಗಳನ್ನು ಮಾಡಿ ಮಾರುತ್ತಿದ್ದಿತು. ಭಾರತದಲ್ಲಾದರೋ 1959ರ ಆಯುಧ ಶಾಸನದ ಮೇರೆಗೆ ಪರವಾನಗಿಯಿಲ್ಲದೆ ತೋಟೆಗಳನ್ನು ತಯಾರಿಸಕೂಡದು. ಆದರೂ ಆ ಕೆಲಸದಲ್ಲಿ ಹೊಸಬನಿಗೆ ಒದಗುವ ತೊಡಕುಗಳು ವಿಚಾರಾರ್ಹವಾಗಿವೆ.

ಈ ತೊಡಕುಗಳಲ್ಲಿ ಎರಡು ಬಗೆ. ಕೆಲವು ತಾವಾಗಿಯೇ ಕೂಗಿ ಹೇಳುತ್ತವೆ; ಕೆಲವು ಬಾಯಿಬಿಡುವುದೇ ಇಲ್ಲ. ಮೊದಲನೆಯ ಬಗೆಯವು ಹೊಸಬನನ್ನು ಬಹಳ ಕಾಡುತ್ತವೆ. ತುಂಬಿದ ತೋಟೆಯು ನಳಿಗೆಯೊಳಗೆ ಪೂರ್ತಿ ಇಳಿಯದು. ಕಾರಣವನ್ನು ಹುಡುಕಿದರೆ, ಈಡಿನ ಒತ್ತಡಕ್ಕೆ ಹಿಗ್ಗಿದ ಕೋಶವನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದಿರುವುದಿಲ್ಲ. ಇಲ್ಲವೆ ಗುಂಡನ್ನು ಕೂಡಿಸಲೆಂದು ಅರಳಿಸಿದ ಬಾಯಿಯನ್ನು ಮತ್ತೆ ನೆಟ್ಟಗೆ ಮಾಡಿರುವುದಿಲ್ಲ. ಇಲ್ಲವೆ ಗುಂಡು ಹೊರಗೆ ಹೆಚ್ಚು ಚಾಚಿರುತ್ತದೆ. ಬಾಯಿ ಅರಳಿದುದು ಸಾಲದಾದರೆ ಅದರ ಅಂಚು ಸೀಸದ ಗುಂಡನ್ನು ಹೆರೆಯುತ್ತದೆ. ಬಿಗಿದುದು ಅತಿಯಾದರೆ ಕೋಶದ ಗೋಡೆ ಉಬ್ಬುತ್ತದೆ. 1911ರಲ್ಲಿ ಅಮೆರಿಕಾ ಸೈನ್ಯವು ಅಂಗೀಕರಿಸಿದ ಪಿಸ್ತೂಲಿನ ತೋಟೆಯು ಕೋಶದ ಬಾಯಂಚಿನ ಆಧಾರದಿಂದಲೇ ನಳಿಗೆಯಲ್ಲಿ ನಿಲ್ಲತಕ್ಕದ್ದು. ಆ ಅಂಚನ್ನು ಒಳಕ್ಕೆ ಮಡಿಚಿದರೆ ನೆಲೆಯೇ ತಪ್ಪಿತು.

ಕೇಪನ್ನು ಅದರ ಗುಳಿಯಲ್ಲಿ ತಳಮುಟ್ಟ ಕೂಡಿಸದಿದ್ದರೆ, ಮೊದಲ ಪೆಟ್ಟು ಅದನ್ನು ಒಳಕ್ಕೆ ತಳ್ಳುವುದರಲ್ಲಿಯೇ ವ್ಯಯವಾಗಿ, ಎರಡನೆಯ ಪೆಟ್ಟಿಗೆ ಈಡು ಹಾರುತ್ತದೆ. ಹೊಸಬನು ಕೇಪನ್ನು ನಿಂದಿಸುತ್ತಾನೆ, ಕೇಪು ನಿರಪರಾಧಿ. ಹಳೆಯ ಕೇಪನ್ನು ಹೊರದೂಡುವ ಸೂಜಿಯು ಮುರಿದರೆ, ಕೋಶವು ಬರ್ಡನ್ ಜಾತಿಯದೋ ಎಂದು ನೋಡಬೇಕು. 1866ರ ಸುಮಾರಿಗೆ ಇಂಗ್ಲೆಂಡಿನ ಬಾಕ್ಸರನು ಕಲ್ಪಿಸಿದ ಬಗೆಯಲ್ಲಿ ಗುಳಿಯ ನಟ್ಟನಡುವೆ ಒಂದೇ ರಂಧ್ರವಿದ್ದು ಸೂಜಿಗೆ ದಾರಿ ಸುಗಮ. ಅಮೆರಿಕಾದ ಬರ್ಡನನ ಬಗೆಯಲ್ಲಿ ನಡುವೆ ಅಡಿಗಲ್ಲಿನಂಥ ಮೊಳೆ, ಪಕ್ಕದಲ್ಲಿ ಕಿರುರಂಧ್ರಗಳು. ವಿಚಿತ್ರವೆಂದರೆ, ಆಂಗ್ಲನ ಬಗೆ ಅಮೆರಿಕಾದಲ್ಲಿಯೂ ಅಮೆರಿಕಾದವನ ಬಗೆ ಯೂರೋಪಿನಲ್ಲಿಯೂ ನೆಲೆಸಿದುವು.

ಇವೆಲ್ಲ ಕೂಗುವ ದೋಷಗಳು. ಕೆಲಸವನ್ನು ಕೆಡಿಸಿದರೂ ತಿದ್ದಲು ಅವಕಾಶ ಕೊಡುತ್ತವೆ. ಮೌನವಾದ ದೋಷಗಳು ಮುಖ್ಯವಾಗಿ ಎರಡು: ಮದ್ದು ಬೀಳದೆ ಹೋಗುವುದು, ಎರಡು ಬಾರಿ ಬೀಳುವುದು. ಹೊರನೋಟಕ್ಕೆ ಇಂಥ ತೋಟೆಯು ಉಳಿದವುಗಳಂತೆಯೇ ಇರುತ್ತದೆ. ಮದ್ದಿಲ್ಲದ ತೋಟೆಯಲ್ಲಿ ಕೇಪಿನ ಶಕ್ತಿಯೊಂದೇ ಗುಂಡನ್ನು ನಳಿಗೆಯೊಳಗೆ ಅಷ್ಟು ದೂರ ನೂಕಿ ಸಿಕ್ಕಿಸಿಬಿಡಬಲ್ಲದು. ಹಿಂದೆಯೇ ಮತ್ತೊಂದು ಈಡು ಹಾರಿತೆಂದರೆ ನಳಿಗೆ ಉಬ್ಬೀತು, ಒಡೆದೀತು. ಇಮ್ಮಡಿ ಮದ್ದಾದರೆ ಪಿಸ್ತೂಲೇ ಸಿಡಿಯಬಹುದು. .38 ಸ್ಪೆಷಲ್ ಎಂಬ ತೋಟೆಯ ಕೋಶವು ಕರಿಮದ್ದಿನ ಕಾಲದ ಅಳತೆಯದು. ಕರಿಮದ್ದು ಅದನ್ನು ತುಂಬಿಬಿಡುತ್ತಿದ್ದುದರಿಂದ ಎರಡನೆಯ ಅಳತೆಗೆ ಎಡೆಯಿರಲಿಲ್ಲ. 1884ರಲ್ಲಿ ಫ್ರಾನ್ಸಿನ ವಿಯೇಯ್ ಕಂಡುಹಿಡಿದ ಹೊಗೆಯಿಲ್ಲದ ಮದ್ದಿನ ವಂಶದವಾದರೋ ಬಹು ಪ್ರಬಲವಾದವು. ಕೋಶದ ಅಲ್ಪಭಾಗವನ್ನು ಮಾತ್ರ ಆಕ್ರಮಿಸುತ್ತವೆ. ಎರಡು ಅಳತೆ ಬಿದ್ದರೂ ಜಾಗ ಮಿಗುತ್ತದೆ. ಅನೇಕ ಪಿಸ್ತೂಲು ತೋಟೆಗಳಿಗೆ ಹತ್ತು ಗ್ರೇನಿಗಿಂತಲೂ ಕಡಿಮೆ ಮದ್ದು ಸಾಕು. ಒಂದು ತೊಲಕ್ಕೆ 180 ಗ್ರೇನುಗಳೆಂಬುದನ್ನು ನೆನೆದರೆ ಇದೆಷ್ಟು ಸೂಕ್ಷ್ಮವೆಂಬುದು ವಾಚಕರಿಗೆ ವೇದ್ಯವಾದೀತು.

ಪರಿಹಾರಗಳು ಸರಳವಾಗಿವೆ. ಮೇಜಿನ ಮೇಲೆ ಒಂದೇ ಜಾತಿಯ ಮದ್ದಿರಬೇಕು. ಪ್ರಮಾಣವನ್ನು ನೆನಪಿನಿಂದಲ್ಲ, ಅಚ್ಚಾದ ಪಟ್ಟಿಯನ್ನು ನೋಡಿ, ಅದರಲ್ಲಿ ಹೇಳಿದ ಕನಿಷ್ಠದಿಂದ ಆರಂಭಿಸಬೇಕು, ತಕ್ಕಡಿಯಲ್ಲಿ ತೂಗಬೇಕು. ಕೋಶಗಳನ್ನು ಮಣೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂಡಿಸುವ ಮುನ್ನ ದೀಪದ ಬೆಳಕಿನಲ್ಲಿ ಒಂದೊಂದರ ಒಳಗನ್ನೂ ಇಣಿಕಿ ನೋಡಬೇಕು. ನಡುವೆ ಯಾರಾದರೂ ಮಾತನಾಡಿಸಿದರೆ ಆ ಸಾಲನ್ನು ಮೊದಲಿನಿಂದ ನೋಡತಕ್ಕದ್ದು.

ಗುರಿಯ ಬಯಲಿನಲ್ಲಿ ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿಸಿದರೆ ಮತ್ತೊಮ್ಮೆ ಕುದುರೆಯೆಳೆಯದೆ, ಪಿಸ್ತೂಲನ್ನು ಬರಿದುಮಾಡಿ ನಳಿಗೆಯನ್ನು ಪರೀಕ್ಷಿಸಬೇಕು. ಜೋರಾದ ಸದ್ದಿಗೆ ಬೆಚ್ಚುವುದು ಎಲ್ಲರಿಗೂ ಸಹಜ. ಕ್ಷೀಣವಾದ ಸದ್ದಿಗೆ ಬೆಚ್ಚುವುದನ್ನು ಈ ವಿದ್ಯೆಯಲ್ಲಿ ಕಲಿತುಕೊಳ್ಳಬೇಕಾಗಿದೆ.